ನರಹುಲಿಗೆ ಯಾರ ಮಾತು ಕೇಳೋಣ?



ಮಗುವಿನ ಬೆರಳಲ್ಲಿ ಒಂದು ಸಣ್ಣ ಒರಟು ಗಂಟು ಕಾಣಿಸಿಕೊಂಡರೆ ಸಾಕು, ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಾರೆ. ಕುದುರೆ ಬಾಲದ ಕೂದಲು ಕಟ್ಟಿ ಎನ್ನುತ್ತಾರೆ ಒಬ್ಬರು. ಸುಣ್ಣಕ್ಕೆ ಬಟ್ಟೆ ಸೋಡ ಸೇರಿಸಿ ಹಚ್ಚಿ ಎನ್ನುತ್ತಾರೆ ಇನ್ನೊಬ್ಬರು. ಬೆಳ್ಳುಳ್ಳಿ ಕಟ್ಟಿದರೆ ಮೂರೇ ದಿನದಲ್ಲಿ ಮಾಯ ಎನ್ನುತ್ತದೆ ಮೊಬೈಲಿನ ವೀಡಿಯೊ. ಇವರಲ್ಲಿ ಯಾರನ್ನು ನಂಬುವುದು?

ಉತ್ತರ ಹೇಳುವ ಮುನ್ನ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಮದ್ರಸ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಬಲಗೈಯಲ್ಲಿ ಮೂರು ನರಹುಲಿ. ಪಕ್ಕದಲ್ಲಿ ಕುಳಿತುಕೊಳ್ಳಲು ಉಳಿದ ಮಕ್ಕಳು ಒಪ್ಪುತ್ತಿರಲಿಲ್ಲ. ಅವಳ ತಾಯಿ ಬಂದು, "ಉಸ್ತಾದ್, ನಿಮಗೇನಾದರೂ ಮದ್ದು ಗೊತ್ತೇ?" ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಲು ಹೇಳಿದೆ. ಚಿಕ್ಕಂದಿನಲ್ಲಿ ನನ್ನ ಅಜ್ಜಿ ನನಗೆ ಅದನ್ನೇ ಹಚ್ಚಿದ್ದರು, ನನ್ನ ನರಹುಲಿ ಹೋಗಿತ್ತು.

ಒಂದು ವಾರದ ಬಳಿಕ ಹುಡುಗಿ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಳು. ಬೆರಳೆಲ್ಲ ಗುಳ್ಳೆ ಎದ್ದು, ಚರ್ಮ ಸುಲಿದು ಕೀವಾಗಿತ್ತು. ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ. ತಾಯಿ ನನ್ನನ್ನು ದೂರಲಿಲ್ಲ. "ನೀವು ಹೇಳಿದ್ದೆಂದು ಸ್ವಲ್ಪ ಹೆಚ್ಚೇ ಹಚ್ಚಿದೆ" ಎಂದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ನಾನು ಮಕ್ಕಳಿಗೆ ಪಾಠ ಹೇಳುವವನು, ಚರ್ಮರೋಗ ಬಲ್ಲವನಲ್ಲ. ಆದರೂ ಅವರು ನಂಬಿದರು, ಮಗು ನೋವುಂಡಿತು.

ಹಾಗಾದರೆ ಅಜ್ಜಿಯ ಮದ್ದು ನನಗೆ ಫಲಿಸಿದ್ದು ಹೇಗೆ? ಇಡೀ ವಿಷಯದ ಗುಟ್ಟು ಇಲ್ಲಿದೆ. ನರಹುಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ದೇಹದ ರೋಗನಿರೋಧಕ ಶಕ್ತಿ ಈ ವೈರಸ್ಸನ್ನು ಗುರುತು ಹಿಡಿದ ಮೇಲೆ ನರಹುಲಿ ತಾನಾಗಿಯೇ ಉದುರುತ್ತದೆ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನರಹುಲಿಗಳು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಯಾವ ಮದ್ದೂ ಇಲ್ಲದೆ ಹೋಗುತ್ತವೆ. ಹೋಗುವ ಹೊತ್ತಿಗೆ ಕೂದಲು ಕಟ್ಟಿದ್ದರೆ ಕೂದಲಿಗೆ ಹೆಸರು, ಎಣ್ಣೆ ಹಚ್ಚಿದ್ದರೆ ಎಣ್ಣೆಗೆ ಹೆಸರು. ಆದ್ದರಿಂದ "ನನ್ನ ಮಗನಿಗೆ ಗುಣವಾಯಿತು" ಎಂಬ ಮಾತು ಸುಳ್ಳಲ್ಲದಿದ್ದರೂ ಅದು ಪುರಾವೆಯಲ್ಲ.

ವೈದ್ಯರೂ ಹೀಗೆ ಮೋಸಹೋಗುವುದುಂಟು. 2002ರಲ್ಲಿ ಅಮೆರಿಕದಲ್ಲಿ 51 ಮಂದಿಯ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಗಟ್ಟಿ ಅಂಟುಟೇಪ್ ಹಚ್ಚಿದವರಲ್ಲಿ ಶೇ. 85 ಮಂದಿಗೆ ನರಹುಲಿ ಹೋಯಿತೆಂದು ಅದು ಹೇಳಿತು. ಜಗತ್ತೆಲ್ಲ ಟೇಪ್ ಅಂಟಿಸತೊಡಗಿತು. 2006ರಲ್ಲಿ ನೆದರ್ಲೆಂಡ್ಸಿನಲ್ಲಿ 103 ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೇಪ್, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ ಕೊಟ್ಟು ನೋಡಿದರು. ಆರು ವಾರದಲ್ಲಿ ಗುಣವಾದವರು ಒಂದರಲ್ಲಿ ಶೇ. 16, ಇನ್ನೊಂದರಲ್ಲಿ ಶೇ. 6. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾಗಿತ್ತು. ಹೀಗೆ ಹೋಲಿಸಿ ನೋಡಿದ ಮೇಲಷ್ಟೇ ಮದ್ದಿನ ನಿಜವಾದ ಗುಣ ತಿಳಿಯುತ್ತದೆ.

ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯೊಂದಿದೆ. ಅದು 2012ರಲ್ಲಿ ನರಹುಲಿಯ ಬಗ್ಗೆ 85 ಅಧ್ಯಯನಗಳನ್ನು ಪರಿಶೀಲಿಸಿತು. ಸ್ಯಾಲಿಸಿಲಿಕ್ ಆಸಿಡ್ ಇರುವ ಮದ್ದಿಗೆ ಸಾಧಾರಣ ಮಟ್ಟದ, ಆದರೆ ನಿಜವಾದ ಪ್ರಯೋಜನವಿದೆ ಎಂದು ಕಂಡಿತು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ದುಬಾರಿ ಚಿಕಿತ್ಸೆ ಅದಕ್ಕಿಂತ ಮೇಲೆಂದು ಖಚಿತವಾಗಲಿಲ್ಲ. ಈ ಪರಿಶೀಲನೆಯ ಸಾರಾಂಶ ಇಂಟರ್ನೆಟ್ಟಿನಲ್ಲಿ ಸರಳ ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತದೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಓದಿಸಿ ಕೇಳಿ.

ಈ ಮದ್ದನ್ನು ವೈದ್ಯರ ಸಲಹೆ ಪಡೆದು ಬಳಸಿ. ಮೊದಲು ಬಿಸಿ ನೀರಿನಲ್ಲಿ ಐದು ಹತ್ತು ನಿಮಿಷ ಬೆರಳು ನೆನೆಸಿ, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ನರಹುಲಿಯ ಮೇಲೆ ಮಾತ್ರ ಮದ್ದು ತಾಗಿಸಿ. ಕೆಲವು ಮದ್ದುಗಳು ಒಣಗಿದಾಗ ಪೊರೆಯಾಗುತ್ತವೆ. ಅಂಥದ್ದನ್ನು ಇಶಾ ನಮಾಝಿನ ಬಳಿಕ ಹಚ್ಚಿ, ಬೆಳಗಿನ ವುಝೂಗೆ ಮುನ್ನ ಪೊರೆ ತೆಗೆಯುವುದು ಅನುಕೂಲ. ಹನ್ನೆರಡು ವಾರದವರೆಗೆ ತಾಳ್ಮೆ ಬೇಕು. ಮುಖಕ್ಕೆ, ಗುಪ್ತಾಂಗಕ್ಕೆ ಇದನ್ನು ಹಚ್ಚಲೇಬಾರದು. ಸಕ್ಕರೆ ಕಾಯಿಲೆಯವರು ತಾವಾಗಿಯೇ ಪಾದಕ್ಕೆ ಹಚ್ಚಿಕೊಳ್ಳಬಾರದು.

ಗಂಟಿನಿಂದ ರಕ್ತ ಬಂದರೆ, ಬಣ್ಣ ಬದಲಾದರೆ, ಬೇಗ ಬೆಳೆದರೆ, ಇಲ್ಲವೇ ವಯಸ್ಸಾದವರಲ್ಲಿ ಹೊಸದಾಗಿ ಹುಟ್ಟಿದರೆ ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಿ. ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿರುತ್ತದೆ.

ಎಚ್‌ಪಿವಿ ಎಂಬ ಹೆಸರು ಓದಿ ಕ್ಯಾನ್ಸರ್ ಎಂದು ಹೆದರಬೇಡಿ. ಈ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆಗಳು ಬೇರೆ, ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ನರಹುಲಿ ಬರಿಸುವವು ಬೇರೆ. ಮಗುವನ್ನು ದೂರ ಕೂರಿಸುವ ಅಗತ್ಯವೂ ಇಲ್ಲ. ಟವೆಲ್ ಬೇರೆ ಇರಲಿ, ಉಗುರು ಕಚ್ಚುವ ಅಭ್ಯಾಸ ಬಿಡಿಸಿ, ಅಷ್ಟು ಸಾಕು.

ಮೊನ್ನೆ ಅದೇ ತಾಯಿ ಮತ್ತೆ ಬಂದಿದ್ದರು. ಈ ಸಲ ಚಿಕ್ಕ ಮಗನ ಪಾದದಲ್ಲಿ ಗಂಟು. ಅದು ಆಣಿಯೋ ನರಹುಲಿಯೋ ನನಗೆ ಗೊತ್ತಿಲ್ಲ, ಡಾಕ್ಟರಿಗೆ ತೋರಿಸಿ ಎಂದೆ. ಅವರು ನಕ್ಕು, "ಆವತ್ತೂ ಹಾಗೆಯೇ ಹೇಳಬೇಕಿತ್ತು, ಉಸ್ತಾದ್" ಎಂದರು. ಹೌದು, ಹೇಳಬೇಕಿತ್ತು.