ಗೃಹಕೃತ್ಯ: ಗೀಸರಿನ ದೀಪವು ಉರಿಯದಿದ್ದರೆ

ಛಳಿಗಾಲವು ಬಂದಿತೆಂದರೆ ಈ ಪುಟಕ್ಕೆ ಬರುವ ಪ್ರಶ್ನೆಗಳಲ್ಲಿ ಬಚ್ಚಲುಮನೆಯದೇ ಮೇಲುಗೈ. ಗೋಡೆಯ ಮೇಲಣ ಗೀಸರು ನಿನ್ನೆಯವರೆಗೆ ಚೆನ್ನಾಗಿದ್ದು, ಈ ದಿನ ಸ್ವಿಚ್ಚನ್ನೊತ್ತಿದರೆ ದೀಪವೇ ಉರಿಯದು. ಏನು ಮಾಡತಕ್ಕದ್ದು ಎಂದು ಸೋದರಿಯರು ಕೇಳುತ್ತಾರೆ. ಹಂಡೆಯ ಒಲೆಯ ಕಾಲದಲ್ಲಿ ಈ ತೊಡಕಿರಲಿಲ್ಲ. ಸೌದೆಯು ಹಸಿಯಾಗಿದ್ದರೆ ಹೊಗೆಯೇ ಅದನ್ನು ಮನೆಗೆಲ್ಲ ಸಾರುತ್ತಿದ್ದಿತು. ವಿದ್ಯುತ್ತು ಎಲ್ಲಿ ನಿಂತಿತೆಂಬುದನ್ನು ನಾವೇ ಹುಡುಕಬೇಕು. ಹುಡುಕುವಾಗ ಮನಸ್ಸಿನಲ್ಲಿಡಬೇಕಾದ ಮಾತೊಂದುಂಟು: ಅನೇಕ ವೇಳೆ ಗೀಸರನ್ನು ನಿಲ್ಲಿಸಿರುವುದು ಮನೆಯವರ ಪ್ರಾಣ ಕಾಯಲೆಂದೇ ಇಟ್ಟಿರುವ ಯಾವುದೋ ಒಂದು ಕಾವಲು.

ದೀಪವು ಆರಿದ ಮಾತ್ರಕ್ಕೆ ದೋಷವಿದೆಯೆಂದು ತಿಳಿಯಲಾಗದು. ನೀರು ಕಾದ ಮೇಲೆ ಒಳಗಿನ ಥರ್ಮೋಸ್ಟಾಟು ತಾನಾಗಿಯೇ ವಿದ್ಯುತ್ತನ್ನು ತಡೆಯುವುದು. ಕೆಲವು ಗೀಸರುಗಳಲ್ಲಿ ಆಗ ದೀಪವೂ ಆರುವುದು. ದೀಪ ಮಾತ್ರವೇ ಕೆಟ್ಟಿರುವುದೂ ಉಂಟು. 2000 ವಾಟಿನ ಗೀಸರು 15 ಲೀಟರು ತಣ್ಣೀರನ್ನು ಚೆನ್ನಾಗಿ ಕಾಯಿಸಲು ಸುಮಾರು 20 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕಾದು, ನಲ್ಲಿಯ ನೀರನ್ನು ನೋಡಿ, ಅನಂತರ ದೂರಿರಿ.

ನೀರು ತಣ್ಣಗೇ ಇದ್ದರೆ ಗೀಸರಿನ ಸ್ವಿಚ್ಚನ್ನು ಆರಿಸಿ, ಕೈಯನ್ನು ಒರಸಿಕೊಂಡು, ಮನೆಯ ವಿದ್ಯುತ್ ಹಲಗೆಯ ಬಳಿಗೆ ಹೋಗತಕ್ಕದ್ದು. ಅಲ್ಲಿ ಗೀಸರಿನ ಎಂ.ಸಿ.ಬಿ.ಯ ಸನ್ನೆಯು ಕೆಳಕ್ಕೆ ಬಿದ್ದಿರಬಹುದು. ಕೆಲವು ನಡುವೆಯೇ ನಿಲ್ಲುತ್ತವೆ. ಅಂಥದನ್ನು ಮೊದಲು ಪೂರ್ತಿಯಾಗಿ ಕೆಳಕ್ಕೆ ತಳ್ಳಿ ಆಮೇಲೆ ಮೇಲಕ್ಕೆತ್ತಬೇಕು. ಈಗ ಗೀಸರನ್ನು ಹಾಕಿದಾಗ ಅದು ನಿಂತರೆ ಸಂತೋಷ. ಮತ್ತೆ ಬಿದ್ದಿತೋ, ಎರಡನೆಯ ಸಲ ಎತ್ತಕೂಡದು.

ಇನ್ನು ಆರ್.ಸಿ.ಸಿ.ಬಿ. ಎಂಬ ಮತ್ತೊಂದು ಕಾವಲಿನ ವಿಷಯ. ಇದನ್ನು ಕುರಿತು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹೋದ ವಿದ್ಯುತ್ತೆಲ್ಲವೂ ಹಿಂತಿರುಗಿತೇ ಎಂದು ಲೆಕ್ಕವಿಡುವುದೇ ಇದರ ಕೆಲಸ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಜಾತಿಯದು 30 ಮಿಲಿಆಂಪಿಯರು ಕೊರತೆ ಬಿದ್ದರೂ ಕ್ಷಣಮಾತ್ರದಲ್ಲಿ ವಿದ್ಯುತ್ತನ್ನು ಕತ್ತರಿಸುವುದು. 2000 ವಾಟಿನ ಗೀಸರು ಎಳೆಯುವುದು 9 ಆಂಪಿಯರಿಗೆ ಸಮೀಪ; 30 ಮಿಲಿಆಂಪಿಯರು ಅದರ ಸುಮಾರು 300ರಲ್ಲಿ ಒಂದು ಪಾಲು. ಇಷ್ಟು ಸಣ್ಣ ಸೋರಿಕೆಯು ಎಂ.ಸಿ.ಬಿ.ಗೆ ಗೊತ್ತೇ ಆಗದು, ಆದರೆ ಮನುಷ್ಯನನ್ನು ಕೊಲ್ಲಲು ಸಾಕು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಕಾಯಿಸುವ ಕಾಯಿಲಿನ ಮೇಲೆ ಸುಣ್ಣದ ಪದರವು ಕಟ್ಟಿ, ಶಾಖವು ಒಳಗೇ ನಿಂತು, ಹೊರಕವಚವು ಒಂದು ದಿನ ಬಿರಿಯುವುದು. ಆ ಬಿರುಕಿನಿಂದ ವಿದ್ಯುತ್ತು ನೀರಿಗಿಳಿಯುತ್ತದೆ. ಗೀಸರು ಹಾಕಿದೊಡನೆ ಮನೆಯೆಲ್ಲ ಕತ್ತಲಾದರೆ ಇದೇ ಕಾರಣವಿರಬಹುದು. ಇದನ್ನು ಪೀಡೆಯೆಂದು ಭಾವಿಸಿ, ಆ ಕಾವಲನ್ನೇ ತಪ್ಪಿಸಿ ವೈರನ್ನು ನೇರವಾಗಿ ಕೊಡುವವರಿದ್ದಾರೆ. ಮನೆಯ ಯಜಮಾನರು ಇದಕ್ಕೆ ಎಷ್ಟು ಮಾತ್ರವೂ ಒಪ್ಪಕೂಡದು. ನಲ್ಲಿಯನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೂ ಹಾಗೆಯೇ: ಆ ಕ್ಷಣವೇ ಸ್ನಾನವನ್ನು ನಿಲ್ಲಿಸಿ ಈಚೆಗೆ ಬಂದು ಗೀಸರನ್ನು ಆರಿಸಬೇಕು.

ಹಲಗೆಯಲ್ಲಿ ಎಲ್ಲವೂ ಸರಿಯಾಗಿದ್ದರೆ, ಮುಖ್ಯ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತು ನೋಡಿರಿ. ಸುಟ್ಟ ವಾಸನೆ, ಕರಗಿದ ಅಂಚು, ಕಪ್ಪಾದ ಕಡ್ಡಿ ಕಂಡರೆ ದೋಷವು ಅಲ್ಲಿಯೇ ಇದೆ. ಗೀಸರಿಗೆ ದಪ್ಪ ಮೂರು ಕಡ್ಡಿಗಳ 16 ಆಂಪಿಯರಿನ ಪ್ಲಗ್ಗೇ ಬೇಕು. 6 ಆಂಪಿಯರಿನ ಚಿಕ್ಕದಕ್ಕೆ ಹೇಗಾದರೂ ಹೊಂದಿಸಿಕೊಳ್ಳುವ ಉಪಾಯಗಳೆಲ್ಲ ಹೀಗೆಯೇ ಮುಗಿಯುತ್ತವೆ. ಟೆಸ್ಟರಿನ ದೀಪವು ಉರಿಯಿತೆಂದು ತೃಪ್ತಿಪಡಬೇಡಿರಿ. ವಿದ್ಯುತ್ತು ಹಿಂತಿರುಗುವ ನ್ಯೂಟ್ರಲ್ ವೈರು ಕಡಿದಿದ್ದರೂ ಅದು ಉರಿಯುತ್ತದೆ. ಗೀಸರು ಮಾತ್ರ ಏಳುವುದಿಲ್ಲ.

ಇಷ್ಟು ನೋಡಿದ ಮೇಲೂ ಫಲ ಕಾಣದಿದ್ದರೆ ಗೃಹಸ್ಥರ ಕೆಲಸವು ಮುಗಿಯಿತು. ಗೀಸರಿನ ಮುಚ್ಚಳದೊಳಗೆ ಮಿತಿಮೀರಿದ ಶಾಖವನ್ನು ತಡೆಯುವ ಕಟೌಟ್ ಎಂಬ ಸಾಧನವಿದೆ. ಕೆಲವದರಲ್ಲಿ ಒಂದು ಸಣ್ಣ ಗುಂಡಿಯನ್ನೊತ್ತಿದರೆ ಗೀಸರು ಪುನಃ ಏಳುವುದು. ಅದನ್ನು ಕಲಿತ ಹುಡುಗರು ತಾವೇ ಮುಚ್ಚಳ ಬಿಚ್ಚಲು ಹೊರಡುತ್ತಾರೆ. ಗುಂಡಿಯ ಪಕ್ಕದಲ್ಲೇ ವಿದ್ಯುತ್ತಿನ ತುದಿಗಳಿವೆ; ಮೇಲಾಗಿ, ನೀರು ಅತಿಯಾಗಿ ಕಾದುದೇಕೆ ಎಂಬುದನ್ನು ಗುಂಡಿಯು ಹೇಳುವುದಿಲ್ಲ. ಥರ್ಮೋಸ್ಟಾಟು ಅಂಟಿಕೊಂಡಿರಬಹುದು, ತೊಟ್ಟಿಯಲ್ಲಿ ನೀರಿಲ್ಲದೆ ಕಾಯಿಲು ಕಾದಿರಬಹುದು. ಮೇಲಿನ ಟ್ಯಾಂಕನ್ನು ತೊಳೆಸಿದ ದಿನ, ಬಿಸಿನೀರ ನಲ್ಲಿಯಲ್ಲಿ ಧಾರೆಯು ಬಂದ ಹೊರತು ಗೀಸರನ್ನು ಹಾಕಬೇಡಿರೆಂದು ನಾವು ಹೇಳುವುದು ಇದಕ್ಕಾಗಿಯೇ. ಬಲ್ಲ ಎಲೆಕ್ಟ್ರಿಷಿಯನ್ನನು ಬಂದಾಗ ಸುಣ್ಣವನ್ನು ತೆಗೆಸಿ, ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಸರಳನ್ನೂ, ನೆಲಕ್ಕೆ ಕೊಟ್ಟ ಅರ್ತಿಂಗನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಅವನು ಬರುವವರೆಗೆ ಅಡಿಗೆಮನೆಯ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿರಿ. ಅಟ್ಟದ ಮೇಲಿನ ಹಳೆಯ ಇಮ್ಮರ್ಷನ್ ಕಾಯಿಲನ್ನು ಇಳಿಸಿ ಅದೇ ಪ್ಲಗ್ಗಿಗೆ ಸಿಕ್ಕಿಸಬೇಡಿರಿ. ದೋಷವು ಪ್ಲಗ್ಗಿನಲ್ಲಿದ್ದರೆ ಅದು ಬಕೆಟ್ಟಿನವರೆಗೂ ಬರುವುದು.