ಯಂತ್ರದ ಮಾತಿಗೆ ಯಾರು ಹೊಣೆ?

ಗಣಕಯಂತ್ರವು ಈಗ ಕನ್ನಡದಲ್ಲಿಯೂ ಸಂಭಾಷಿಸುತ್ತಿದೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರವು 2022ರಲ್ಲಿ 'ಭಾಷಿಣಿ'ಯನ್ನು ಲೋಕಾರ್ಪಣೆ ಮಾಡಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ 'ಸರ್ವಂ' ಸಂಸ್ಥೆಯು ಕನ್ನಡವೂ ಸೇರಿದಂತೆ 10 ಭಾಷೆಗಳಲ್ಲಿ ಗ್ರಾಹಕರೊಡನೆ ಮಾತನಾಡುವ ವ್ಯವಸ್ಥೆಯನ್ನು ಪ್ರಕಟಿಸಿತು. ಆಗ ದರವು ನಿಮಿಷಕ್ಕೆ 1 ರೂಪಾಯಿಯಿಂದ ಆರಂಭವಾಗುತ್ತಿತ್ತು. ಓದುಬರಹವಿಲ್ಲದ ನೇಕಾರನೂ ಕೇಳಿ ತಿಳಿಯಬಹುದಾದ ಈ ಸೌಕರ್ಯವನ್ನು ನಾನು ಹಳಿಯುವವನಲ್ಲ. ನನ್ನ ಆಕ್ಷೇಪವಿರುವುದು ಅದರ ಬೆನ್ನಿಗೇ ಬಂದ ನುಣುಚು ಮಾತಿಗೆ: "ಹೇಳಿದ್ದು ಯಂತ್ರ, ನಾವಲ್ಲ."

ಈ ಯಂತ್ರವು ಅಪಾರ ಬರಹರಾಶಿಯಿಂದ ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಕಲಿತು, ಅದರಂತೆ ಪದಗಳನ್ನು ಪೋಣಿಸುತ್ತದೆ. ಆದ್ದರಿಂದ ವಾಕ್ಯವು ನಯವಾಗಿರುತ್ತದೆ, ಸತ್ಯವಾಗಿರುವುದೆಂಬ ಭರವಸೆಯಿಲ್ಲ.

ಕೆನಡಾದಲ್ಲಿ 2022ರಲ್ಲಿ, ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕನಿಗೆ ಏರ್ ಕೆನಡಾ ವಿಮಾನ ಸಂಸ್ಥೆಯ ಸಂಭಾಷಣಾ ಯಂತ್ರವು, ಶೋಕಸಂದರ್ಭದ ರಿಯಾಯಿತಿಯನ್ನು ಟಿಕೆಟ್ ಕೊಂಡ ಬಳಿಕವೂ ಕೋರಬಹುದೆಂದು ತಪ್ಪಾಗಿ ತಿಳಿಸಿತು. ಅವನು ನಂಬಿ ಹಣ ತೆತ್ತನು. ಸಂಸ್ಥೆಯಾದರೋ ರಿಯಾಯಿತಿಯನ್ನು ನಿರಾಕರಿಸಿ, ಯಂತ್ರವೇ ತನ್ನ ಮಾತಿಗೆ ಹೊಣೆಯೆಂಬಂತೆ ವಾದ ಹೂಡಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯು ಆ ವಾದವನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು.

ಶ್ರಾವಕರಿಗೆ ಈ ನ್ಯಾಯ ಹೊಸದೇನಲ್ಲ. ಕೃತ, ಕಾರಿತ, ಅನುಮತ, ಅಂದರೆ ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಮೂರರಿಂದಲೂ ಕರ್ಮಾಸ್ರವವುಂಟು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಎರಡನೆಯದು ಏಕಾಂತದ ಮಾತನ್ನು ಬಯಲುಮಾಡುವ ರಹೋಭ್ಯಾಖ್ಯಾನ. ಯಂತ್ರಕ್ಕೆ ವ್ರತವಿಲ್ಲ, ಆದ್ದರಿಂದ ವ್ರತಭಂಗವೂ ಇಲ್ಲ. ಅದನ್ನು ತನ್ನ ಗದ್ದಿಗೆಯಲ್ಲಿ ಕೂರಿಸಿದವನಿಗೆ ಎರಡೂ ಉಂಟು. ಮೊಳಕಾಲ್ಮೂರಿನ ಅಂಗಡಿಯೊಂದರಲ್ಲಿ ಗುಮಾಸ್ತನು ನಕಲಿ ಜರಿಯನ್ನು ಅಸಲಿಯೆಂದು ಹೇಳಿ ರೇಷ್ಮೆ ಸೀರೆ ಮಾರಿದನೆನ್ನಿ. "ಹೇಳಿದವನು ಗುಮಾಸ್ತ" ಎಂದು ಸಾಹುಕಾರನು ಕೈತೊಳೆದುಕೊಂಡರೆ ಯಾರು ತಾನೇ ಒಪ್ಪಿಯಾರು?

"ಮನುಷ್ಯರೂ ತಪ್ಪುವುದಿಲ್ಲವೇ?" ಎನ್ನುವವರಿದ್ದಾರೆ. ತಪ್ಪುತ್ತಾರೆ, ನಿಜ. ಆದರೆ ತಪ್ಪಿದ ಗುಮಾಸ್ತನನ್ನು ಕರೆದು ಕೇಳಬಹುದು. ಅವನು ನಾಚುತ್ತಾನೆ, ತಿದ್ದಿಕೊಳ್ಳುತ್ತಾನೆ. ಯಂತ್ರವೂ "ಕ್ಷಮಿಸಿ" ಎನ್ನುತ್ತದೆ, ಆದರೆ ಆ ಪದದ ಹಿಂದೆ ಪಶ್ಚಾತ್ತಾಪವಿಲ್ಲ.

ಬಸದಿಯ ಟ್ರಸ್ಟುಗಳೂ ವರ್ತಕ ಬಂಧುಗಳೂ ಇಂತಹ ಯಂತ್ರವನ್ನು ಇರಿಸುವುದಾದರೆ ನಾಲ್ಕು ನಿಯಮಗಳನ್ನು ಮೊದಲೇ ಬರೆದಿಡಲಿ. ಉತ್ತರಿಸುತ್ತಿರುವುದು ಯಂತ್ರವೆಂದು ಆರಂಭದಲ್ಲಿಯೇ ತಿಳಿಸಬೇಕು. ದಾನ, ಬೆಲೆ, ತಿಥಿಗಳ ವಿಷಯದಲ್ಲಿ ಹೆಸರುಳ್ಳ ಒಬ್ಬ ಮನುಷ್ಯನು ಉತ್ತರವನ್ನು ಖಚಿತಪಡಿಸಬೇಕು. ಭಕ್ತರು ತೋಡಿಕೊಂಡ ಕಷ್ಟಸುಖಗಳು ಹೊರಗೆ ಹೋಗಕೂಡದು. ತಪ್ಪು ಉತ್ತರದಿಂದ ನಷ್ಟವಾದರೆ ಇರಿಸಿದವರೇ ತುಂಬಿಕೊಡಬೇಕು. ಇವಕ್ಕೆ ಸಿದ್ಧರಿಲ್ಲದವರು ಯಂತ್ರಕ್ಕೆ ತಮ್ಮ ಹೆಸರಿನಲ್ಲಿ ಮಾತನಾಡುವ ಅಧಿಕಾರ ಕೊಡದಿರುವುದೇ ಲೇಸು.