ಪದ ಕಲಿತರೆ ಕಾದಂಬರಿ ಕೆಡದು

ಕಾದಂಬರಿಯ ಹೊಸ ಪದಗಳನ್ನು ಫ್ಲ್ಯಾಶ್ ಕಾರ್ಡಿನಲ್ಲಿ ಬರೆದು ಕಲಿಯುವುದೆಂದರೆ ಸಾಹಿತ್ಯವನ್ನು ಪರೀಕ್ಷೆಯ ಮಟ್ಟಕ್ಕೆ ಇಳಿಸಿದಂತೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಓದುತ್ತಾ ಹೋದರೆ ಅರ್ಥ ತಾನಾಗಿಯೇ ತಿಳಿಯುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪಲಾಗದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೈಗೆತ್ತಿಕೊಂಡ ಬೆಂಗಳೂರಿನ ಹುಡುಗಿಯನ್ನು ನೆನೆಯಿರಿ. ಹಳು, ದರಗು, ಬಗನಿಯಂಥ ಮಲೆನಾಡಿನ ಮಾತುಗಳು ಆಕೆಯ ಕಿವಿಗೆ ಬಿದ್ದೇ ಇರುವುದಿಲ್ಲ. ಸಂದರ್ಭದಿಂದ ಅಂದಾಜು ಸಿಕ್ಕೀತು. ಅದೇ ಪದ ನೂರು ಪುಟಗಳಾಚೆ ಮತ್ತೆ ಬಂದಾಗ ಆ ಅಂದಾಜೂ ಮರೆತಿರುತ್ತದೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ಪದ್ಧತಿ ಇದಕ್ಕೆ ಪರಿಹಾರ: ಸರಿಯಾಗಿ ಹೇಳಿದ ಕಾರ್ಡು ಮುಂದಿನ ಖಾನೆಗೆ ಹೋಗಿ ತಡವಾಗಿ ಬರುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳಿ ಬೇಗನೆ ಎದುರಾಗುತ್ತದೆ.

ಲೇಖಕರ ಆತಂಕದಲ್ಲಿ ಒಂದಂಶ ನಿಜ. ಸಾಲುಸಾಲಿಗೂ ನಿಲ್ಲಿಸಿದರೆ ಕಥೆಯ ಓಟ ಮುರಿಯುತ್ತದೆ. ಓದುವಾಗ ಪೆನ್ಸಿಲ್ ಗುರುತು ಸಾಕು. ಅಧ್ಯಾಯ ಮುಗಿದ ಮೇಲೆ ಐದಾರು ಪದ ಆರಿಸಿಕೊಳ್ಳಲಿ. ಕಾರ್ಡಿನ ಮುಂಬದಿಯಲ್ಲಿ ಕಾದಂಬರಿಯ ಇಡೀ ವಾಕ್ಯ, ಪದಕ್ಕೆ ಅಡಿಗೆರೆ. ಹಿಂಬದಿಯಲ್ಲಿ ಅರ್ಥ, ಪುಟಸಂಖ್ಯೆ. ಬಿಡಿ ಪದ ಬರೆದುಕೊಂಡಾಗಲೇ ಅದು ಬರೀ ಬಾಯಿಪಾಠವಾಗುವುದು.

ಭಾಷೆ ಎಟುಕದೆ ದೊಡ್ಡ ಕಾದಂಬರಿಗಳನ್ನು ಅರ್ಧಕ್ಕೇ ಕೆಳಗಿಡುವ ಎಳೆಯರು ನಮ್ಮ ಸುತ್ತಲೇ ಇದ್ದಾರೆ. ಮೇಷ್ಟ್ರುಗಳೇ, ಪಾಲಕರೇ, ಅವರ ಕೈಗೆ ಪುಸ್ತಕದ ಜೊತೆ ಒಂದು ಕಟ್ಟು ಖಾಲಿ ಕಾರ್ಡುಗಳನ್ನೂ ಕೊಡಿ.